ಆಕಾಶದಲ್ಲೊಬ್ಬ ನಾವಿಕ



ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ತಾಲ್ಲೂಕಿನ ಕಲಿಕಾ ಕೇಂದ್ರಗಳಿಂದ ನೀವು ಬಂದು ಸೇರಿದ್ದೀರಿ. ನಿಮ್ಮಲ್ಲಿ ಬಹಳ ಮಂದಿಯ ಮನೆಯಿಂದ ಗಂಡನೋ, ಮಗನೋ, ತಮ್ಮನೋ ಬೋಟಿಗೆ ಹೋಗುತ್ತಾರೆ. ಕೆಲವರು ಇಲ್ಲೇ ತದಡಿ, ಕಾಸರಕೋಡು, ಭಟ್ಕಳ ಬಂದರಿನಿಂದ ಹೋಗುತ್ತಾರೆ. ಕೆಲವರು ಮಲ್ಪೆಗೆ, ಮಂಗಳೂರಿಗೆ ಹೋಗಿ ಅಲ್ಲಿನ ಬೋಟು ಹತ್ತುತ್ತಾರೆ. ಅದಕ್ಕೇ ಇವತ್ತು ನಾವು 'ನಾವಿಕ್' ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಬಂದಿದ್ದೇವೆ.

ನಾವಿಕ ಅಂದರೆ ಯಾರು? ದೋಣಿ ನಡೆಸುವವನು. ನಮ್ಮ ಕಡೆ ತಾಂಡೇಲ ಅಂತೇವೆ. ಹಿಂದೆ ನಮ್ಮ ಹಿರಿಯರು ಹಗಲು ಸೂರ್ಯನನ್ನು ನೋಡಿ, ರಾತ್ರಿ ನಕ್ಷತ್ರ ನೋಡಿ ದೋಣಿ ನಡೆಸುತ್ತಿದ್ದರು. ನೇತ್ರಾಣಿ ಗುಡ್ಡ ಕಂಡರೆ ಮುರ್ಡೇಶ್ವರ ಹತ್ತಿರ ಬಂತು ಅಂತ ತಿಳಿಯುತ್ತಿದ್ದರು. ಈಗ ದಾರಿ ತಿಳಿಸಲು ಮನುಷ್ಯರೇ ಮಾಡಿದ ಉಪಗ್ರಹಗಳು ಆಕಾಶದಲ್ಲಿವೆ. ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನಮ್ಮ ದೇಶದ ಇಂಥ ಉಪಗ್ರಹಗಳ ಜಾಲಕ್ಕೆ ನಾವಿಕ್ ಎಂದು ಹೆಸರು.

ಅಷ್ಟು ಎತ್ತರದ ಉಪಗ್ರಹ ನಮ್ಮ ಬೋಟು ಎಲ್ಲಿದೆ ಅಂತ ಹೇಗೆ ತಿಳಿಸುತ್ತದೆ? ಮಳೆಗಾಲದ ಸಿಡಿಲನ್ನು ನೆನಪು ಮಾಡಿಕೊಳ್ಳಿ. ಮೊದಲು ಮಿಂಚು ಕಾಣುತ್ತದೆ. ಆಮೇಲೆ ಗುಡುಗು ಕೇಳುತ್ತದೆ. ನಡುವೆ 3 ಸೆಕೆಂಡು ಆದರೆ ಸಿಡಿಲು ಸುಮಾರು 1 ಕಿಲೋಮೀಟರ್ ದೂರ. 6 ಸೆಕೆಂಡು ಆದರೆ 2 ಕಿಲೋಮೀಟರ್. ಅಂದರೆ ಹೊತ್ತನ್ನು ಎಣಿಸಿ ದೂರ ತಿಳಿಯಬಹುದು. ಉಪಗ್ರಹವೂ ರೇಡಿಯೋ ಅಲೆಯ ಮೂಲಕ 'ಈಗ ಇಷ್ಟು ಗಂಟೆ' ಎಂದು ಹೇಳುತ್ತಲೇ ಇರುತ್ತದೆ. ಬೋಟಿನಲ್ಲಿರುವ ಯಂತ್ರ ಆ ಮಾತು ಎಷ್ಟು ತಡವಾಗಿ ಬಂತು ಅಂತ ನೋಡಿ ದೂರದ ಲೆಕ್ಕ ಹಾಕುತ್ತದೆ.

ಒಂದೇ ಉಪಗ್ರಹ ಸಾಕೇ? ಸಾಲದು. 'ನಾನು ಕುಮಟಾದಿಂದ 20 ಕಿಲೋಮೀಟರ್ ದೂರ ಇದ್ದೇನೆ' ಅಂತ ಒಬ್ಬರು ಹೇಳಿದರೆ ಎಲ್ಲಿ ಹುಡುಕುವುದು? ಹೊನ್ನಾವರದ ಕಡೆ ಇರಬಹುದು, ಘಟ್ಟದ ಕಡೆ ಇರಬಹುದು, ಸಮುದ್ರದಲ್ಲೂ ಇರಬಹುದು. ಬೇರೆ ಊರುಗಳಿಂದ ಎಷ್ಟೆಷ್ಟು ದೂರ ಅಂತಲೂ ಹೇಳಿದರೆ ಜಾಗ ಸಿಕ್ಕುತ್ತದೆ. ಹಾಗೆಯೇ ಬೋಟಿನ ಯಂತ್ರಕ್ಕೂ ಕಡಿಮೆಯೆಂದರೆ 4 ಉಪಗ್ರಹಗಳ ಮಾತು ಕೇಳಬೇಕು.

ಇದರಲ್ಲಿ ಗಡಿಯಾರವೇ ಮುಖ್ಯ. ರೇಡಿಯೋ ಅಲೆ ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ. ಅದರ ಒಂದೇ ಪಾಲು ಹೆಚ್ಚುಕಡಿಮೆ ಆದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೆ ಉಪಗ್ರಹದಲ್ಲಿ ಪರಮಾಣು ಗಡಿಯಾರ ಎಂಬ ಬಹಳ ಸೂಕ್ಷ್ಮವಾದ ಗಡಿಯಾರ ಇಡುತ್ತಾರೆ.

ನಿಮ್ಮಲ್ಲಿ ಕೆಲವರು ಕೇಳಬಹುದು: 'ನಮ್ಮ ಬೋಟಿನಲ್ಲಿ ಜಿ.ಪಿ.ಎಸ್. ಇದೆಯಲ್ಲ, ಮತ್ತೆ ಇದೇಕೆ?' ಜಿ.ಪಿ.ಎಸ್. ಅಮೆರಿಕ ದೇಶದ್ದು. ನೆರೆಮನೆಯ ಬಾವಿ ನೀರು ಎಷ್ಟು ಸಿಹಿಯಾದರೂ ಹಗ್ಗ ಕೊಡ ಅವರ ಕೈಯಲ್ಲೇ ಅಲ್ಲವೇ? ಅದಕ್ಕೆ ನಮ್ಮದೇ ಬಾವಿ ತೋಡಬೇಕು ಅಂತ 2006ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೆಲಸ ಮಾಡಿದ್ದು ಇಸ್ರೋ ಸಂಸ್ಥೆ. ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಈ ಕೆಲಸಕ್ಕಾಗಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಒಂದು ಕೇಂದ್ರ ಮಾಡಿದರು. ಉಪಗ್ರಹಗಳ ಮೇಲೆ ಕಣ್ಣಿಡುವ ದೊಡ್ಡ ಕೇಂದ್ರ ನಮ್ಮ ಹಾಸನದಲ್ಲಿದೆ.

ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಏಳನೆಯದು ಹಾರಿದ್ದು 2016ರ ಏಪ್ರಿಲ್ 28ರಂದು. ಅಲ್ಲಿಯವರೆಗೆ ಜಾಲಕ್ಕೆ ಐ.ಆರ್.ಎನ್.ಎಸ್.ಎಸ್. ಎಂಬ ಹೆಸರಿತ್ತು. ಹೇಳಲಿಕ್ಕೇ ನಾಲಿಗೆ ಹೊರಳುವುದಿಲ್ಲ! ಏಳನೆಯದು ಹಾರಿದ ದಿನವೇ ಪ್ರಧಾನಿ ನರೇಂದ್ರ ಮೋದಿ ಅವರು ನಾವಿಕ್ ಎಂದು ಹೊಸ ಹೆಸರಿಟ್ಟರು. ಸಮುದ್ರಕ್ಕೆ ಹೋಗುವ ಮೀನುಗಾರರನ್ನು ನೆನೆದು ಇಟ್ಟ ಹೆಸರು ಅದು. ನಮ್ಮ ದೇಶ ಮತ್ತು ಅದರ ಗಡಿಯಿಂದ ಸುಮಾರು 1,500 ಕಿಲೋಮೀಟರ್‌ವರೆಗೆ ದಾರಿ ತೋರಿಸಬೇಕು ಎಂಬುದು ಅದರ ಗುರಿ.

ಆದರೆ ಹೆಸರಿಟ್ಟ ಮಾತ್ರಕ್ಕೆ ಮಗು ನಡೆಯುವುದಿಲ್ಲ. ಮೊದಲ ಉಪಗ್ರಹದ ಮೂರೂ ಗಡಿಯಾರ ಕೆಟ್ಟು ನಿಂತವು. ಅವು ಹೊರದೇಶದಿಂದ ತಂದ ಗಡಿಯಾರಗಳು. ಅದರ ಬದಲು 2017ರಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಮುಚ್ಚಳದಿಂದ ಹೊರಗೇ ಬರಲಿಲ್ಲ. 2018ರಲ್ಲಿ ಮತ್ತೊಂದನ್ನು ಕಳಿಸಿ ಗೆದ್ದರು. 2023ರ ಮೇ 29ರಂದು ನಮ್ಮ ದೇಶದಲ್ಲೇ ಮಾಡಿದ ಪರಮಾಣು ಗಡಿಯಾರ ಹೊತ್ತ ಉಪಗ್ರಹ ಹಾರಿತು. 2025ರ ಜನವರಿಯಲ್ಲಿ ಹೋದದ್ದು ತಾನು ಸುತ್ತಬೇಕಾದ ದಾರಿ ಸೇರಲಿಲ್ಲ. ಜಾಲ ಹರಿದರೆ ಕೂತು ಹೊಲಿಯುತ್ತೇವಲ್ಲ, ಇದೂ ಹಾಗೆಯೇ. ಹೊಲಿಯುವ ಕೆಲಸ ಮುಗಿದಿಲ್ಲ.

ಈಗ ಒಂದು ಮಾತು ಗಮನವಿಟ್ಟು ಕೇಳಿ. ನಾವಿಕ್ ಆಗಲಿ, ಜಿ.ಪಿ.ಎಸ್. ಆಗಲಿ, ಬೋಟಿನಲ್ಲಿರುವವರಿಗೆ ತಾವು ಎಲ್ಲಿದ್ದೇವೆ ಅಂತ ಹೇಳುತ್ತದೆ. ದಡದಲ್ಲಿರುವ ನಮಗೆ ತಾನಾಗಿ ಹೇಳುವುದಿಲ್ಲ.

'ಸುವರ್ಣ ತ್ರಿಭುಜ' ಬೋಟನ್ನು ಈ ಕರಾವಳಿಯಲ್ಲಿ ಯಾರೂ ಮರೆತಿಲ್ಲ. 2018ರ ಡಿಸೆಂಬರ್ 13ರಂದು ಅದು ಮಲ್ಪೆಯಿಂದ ಹೊರಟಿತು. 7 ಜನ ಇದ್ದರು. ಅವರಲ್ಲಿ 5 ಜನ ನಮ್ಮ ಉತ್ತರ ಕನ್ನಡದವರು. ಎರಡು ದಿನದ ಮೇಲೆ ಬೋಟಿನಿಂದ ಮಾತೇ ಬರಲಿಲ್ಲ. ನೌಕಾಪಡೆ, ಕರಾವಳಿ ಕಾವಲು ಪಡೆ ಹುಡುಕಿದವು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡೆ ಸಮುದ್ರದ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ದಿನ ಆ ಮನೆಯ ಹೆಂಗಸರು ಹೇಗೆ ಕಾದರೋ! ಬೋಟು ಎಲ್ಲಿದೆ ಎಂಬ ಸುದ್ದಿ ದಡಕ್ಕೆ ಬರುತ್ತಿದ್ದರೆ ಎಲ್ಲಿ ಹುಡುಕಬೇಕು ಅಂತ ಆದರೂ ತಿಳಿಯುತ್ತಿತ್ತು.

ಈ ಸುದ್ದಿ ತರಲು ಟ್ರಾನ್ಸ್‌ಪಾಂಡರ್ ಎಂಬ ಯಂತ್ರ ಬಂದಿದೆ. ಇದನ್ನೂ ಇಸ್ರೋದವರೇ ರೂಪಿಸಿದ್ದಾರೆ. ಮೊಬೈಲ್ ಸಿಗದ ದೂರದಿಂದಲೂ ಬೋಟು ಇರುವ ಜಾಗವನ್ನು ಉಪಗ್ರಹದ ಮೂಲಕ ದಡಕ್ಕೆ ಕಳಿಸುತ್ತದೆ. ಅಪಾಯ ಬಂದರೆ ತಿಳಿಸಬಹುದು. ಗಾಳಿಮಳೆಯ ಎಚ್ಚರಿಕೆ ಬೋಟಿಗೆ ಬರುತ್ತದೆ. ದೇಶದ 1 ಲಕ್ಷ ಬೋಟುಗಳಿಗೆ ಇದನ್ನು ಹಾಕುವ ಯೋಜನೆ 2024ರ ಆಗಸ್ಟ್ 30ರಂದು ಶುರುವಾಯಿತು. ನಿಮ್ಮವರು ಹೋಗುವ ಬೋಟಿನಲ್ಲಿ ಇದೆಯೇ? ಇದ್ದರೆ ಚಾಲೂ ಇಡುತ್ತಾರೆಯೇ? ಮನೆಯಲ್ಲಿ ಕೇಳಿ. ಇಲ್ಲದಿದ್ದರೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ನಾಲ್ಕು ಜನ ಸೇರಿ ಹೋಗಿ ವಿಚಾರಿಸಿ.

ನೀವು ಅಂಕಿ ಕಲಿತಿದ್ದೀರಿ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಯಂತ್ರ ಜಾಗವನ್ನು ಎರಡು ಸಂಖ್ಯೆಯಲ್ಲಿ ಹೇಳುತ್ತದೆ. ಹೊನ್ನಾವರಕ್ಕೆ ಸುಮಾರು 14.28 ಮತ್ತು 74.44. ಭಟ್ಕಳಕ್ಕೆ ಮೊದಲ ಸಂಖ್ಯೆ 13.98, ಕುಮಟಾಕ್ಕೆ 14.42. ಉತ್ತರಕ್ಕೆ ಹೋದ ಹಾಗೆ ಮೊದಲ ಸಂಖ್ಯೆ ಏರುತ್ತದೆ. ಪಡುವಣ ಕಡಲಿಗೆ ಹೋದ ಹಾಗೆ ಎರಡನೆಯದು ಇಳಿಯುತ್ತದೆ. ಬೋಟಿನಿಂದ ಫೋನು ಬಂದಾಗ ಈ ಎರಡು ಸಂಖ್ಯೆ ಕೇಳಿ ಬರೆದಿಡಿ. ದಿನಾಂಕ, ಗಂಟೆಯನ್ನೂ ಬರೆಯಿರಿ. ಅಪಾಯ ಅಂತ ತಿಳಿದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಫೋನು ಮಾಡಿ ಅದನ್ನೇ ಓದಿ ಹೇಳಿ. 'ಎಲ್ಲೋ ಸಮುದ್ರದಲ್ಲಿ' ಅನ್ನುವುದಕ್ಕೂ ಈ ಎರಡು ಸಂಖ್ಯೆ ಹೇಳುವುದಕ್ಕೂ ಬಹಳ ಅಂತರ ಇದೆ.

ಮುಂದಿನ ಪಾಠಕ್ಕೆ ಬರುವಾಗ ಮೂರು ವಿಷಯ ನಿಮ್ಮ ಕೈಯಿಂದಲೇ ಬರೆದು ತನ್ನಿ: ಬೋಟಿನ ಹೆಸರು, ಬೋಟಿನ ನಂಬರು, ತಾಂಡೇಲರ ಫೋನ್ ನಂಬರು. ಅದನ್ನೇ ಇನ್ನೊಂದು ಚೀಟಿಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿ.