ಎಲೆಯ ಅಡಿಯ ಹಸಿರು ಶಲ್ಕಕೀಟ
(ಕಾಫಿ ಬೆಳೆಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಫಿ ಎಲೆಯನ್ನು ಮಗುಚಿದಾಗ ನಡುನರದ ಇಕ್ಕೆಲಗಳಲ್ಲಿ ತಿಳಿಹಸಿರು ಬಣ್ಣದ ಚಪ್ಪಟೆ ಚುಕ್ಕೆಗಳು ಸಾಲಾಗಿ ಅಂಟಿಕೊಂಡಿರುವುದನ್ನು ತಾವೆಲ್ಲರೂ ಕಂಡಿದ್ದೀರಿ. ಅಲುಗಾಡದ ಕಾರಣ ಇವನ್ನು ರೋಗವೆಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಇವು ಜೀವಂತ ಕೀಟಗಳು; ಹಿಟ್ಟು ತಿಗಣೆ ಮತ್ತು ಗಿಡಹೇನುಗಳ ಬಳಗಕ್ಕೆ ಸೇರಿದವು. ಸಿಲೋನಿನ ಕೀಟವಿಜ್ಞಾನಿ ಎಡ್ವರ್ಡ್ ಅರ್ನೆಸ್ಟ್ ಗ್ರೀನ್ 1889ರಲ್ಲಿ ಈ ಪ್ರಭೇದವನ್ನು ಮೊದಲು ವರ್ಣಿಸಿದರು. ಆಗ ಲೆಕೇನಿಯಮ್ ಕುಲದಲ್ಲಿದ್ದ ಇದರ ಇಂದಿನ ಶಾಸ್ತ್ರೀಯ ನಾಮ ಕಾಕಸ್ ವಿರಿಡಿಸ್. ವಿರಿಡಿಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಸಿರು.

ಇದರ ದೇಹರಚನೆಯನ್ನು ಅರಿಯುವುದು ವಿದ್ವಾಂಸರಿಗೆ ಮಾತ್ರ ಬೇಕಾದ ವಿಷಯವಲ್ಲ. ತೋಟಕ್ಕೆ ಔಷಧಿ ಬೇಕೇ ಬೇಡವೇ ಎಂಬ ತೀರ್ಮಾನ ಅದನ್ನೇ ಅವಲಂಬಿಸಿದೆ.

ಬಲಿತ ಹೆಣ್ಣು ಸುಮಾರು 3 ಮಿ.ಮೀ. ಉದ್ದದ ಅಂಡಾಕಾರದ ಜೀವಿ. ಕವಚಧಾರಿ ಶಲ್ಕಕೀಟಗಳಲ್ಲಿ ಮೇಲಿನ ಚಿಪ್ಪನ್ನು ಸೂಜಿಯಿಂದ ಬೇರ್ಪಡಿಸಬಹುದು. ಇದರಲ್ಲಿ ಹಾಗಾಗದು, ಏಕೆಂದರೆ ಚಿಪ್ಪಿನಂತೆ ಕಾಣುವುದು ಅದರ ಚರ್ಮವೇ. ಆ ಚರ್ಮದ ಮೂಲಕ ಕರುಳಿನ ಸುರುಳಿಯು ಇಂಗ್ಲಿಷಿನ ‘ಯು’ ಅಕ್ಷರದಂತೆ ಕಪ್ಪಾಗಿ ತೋರುತ್ತದೆ. ಗುಮ್ಮಟದಂತೆ ಉಬ್ಬಿರುವ ಕಂದು ಶಲ್ಕಕೀಟದಿಂದ ಇದನ್ನು ಬೇರ್ಪಡಿಸಲು ಈ ಗುರುತು ಸಾಕು. ಕಾಲು, ಮೀಸೆಗಳು ಅಡಿಯಲ್ಲಿ ಅಡಗಿವೆ. ಕೂದಲಿಗಿಂತ ತೆಳುವಾದ ಬಾಯಿಯ ಸೂಜಿಗಳು ಎಲೆಯ ರಸನಾಳದೊಳಗೆ ಇಳಿದಿರುತ್ತವೆ. ದೇಹದ ಹಿಂತುದಿ ಸೀಳಿದ್ದು, ಅಲ್ಲಿ ಎರಡು ತ್ರಿಕೋನ ಫಲಕಗಳಿವೆ. ಅವುಗಳ ನಡುವಿನಿಂದ ಸಿಹಿ ಅಂಟು ಹೊರಬೀಳುತ್ತದೆ.

ಎಲೆಯ ರಸದಲ್ಲಿ ಸಕ್ಕರೆ ಹೇರಳ, ಸಾರಜನಕ ವಿರಳ. ಸಾರಜನಕಕ್ಕಾಗಿ ಕೀಟವು ಅಗತ್ಯಕ್ಕಿಂತ ಹೆಚ್ಚು ರಸ ಹೀರಿ, ಉಳಿದ ಸಕ್ಕರೆಯನ್ನು ಹೊರಹಾಕುತ್ತದೆ. ಆ ಸಿಹಿಯ ಮೇಲೆ ಕಾಡಿಗೆಯಂತಹ ಬೂಷ್ಟು ಬೆಳೆದು ಎಲೆಗೆ ಬೆಳಕು ತಪ್ಪುತ್ತದೆ. ಸಿಹಿಗಾಗಿ ಬರುವ ಇರುವೆಗಳು ಕೀಟದ ಶತ್ರುಗಳನ್ನು ಓಡಿಸುತ್ತವೆ. ಈ ಪ್ರಭೇದದ ಸಂತಾನಕ್ಕೆ ಗಂಡಿನ ಅಗತ್ಯವಿಲ್ಲವಾದ್ದರಿಂದ, ಒಂದೇ ಹೆಣ್ಣಿನಿಂದಲೂ ಹೊಸ ಸಂಸಾರ ಆರಂಭವಾಗಬಲ್ಲದು.

ಆದರೆ ಎಲೆಗೆ ಅಂಟಿರುವುದೆಲ್ಲವೂ ಜೀವಂತವಲ್ಲ. ಕೀಟದ ಸುತ್ತ ಬಿಳಿ ಬೂಷ್ಟಿನ ಉಂಗುರವಿದ್ದರೆ ಲೆಕಾನಿಸಿಲಿಯಮ್ ಶಿಲೀಂಧ್ರವು ಅದನ್ನು ಕೊಂದಿದೆಯೆಂದು ತಿಳಿಯಬೇಕು. ಮಳೆಗಾಲದ ತೇವ ಮತ್ತು ನೆರಳಿನಲ್ಲಿ ಇದು ತಾನಾಗಿಯೇ ಹರಡುತ್ತದೆ. ಬೆನ್ನಿನಲ್ಲಿ ದುಂಡನೆಯ ತೂತಿದ್ದರೆ ಪರಾವಲಂಬಿ ಕಣಜವೊಂದು ಒಳಗೆ ಬೆಳೆದು ಹೊರಟುಹೋಗಿದೆ. ಇಂತಹ ಎಲೆಗಳ ಮೇಲೆ ಕೀಟನಾಶಕ ಸುರಿದರೆ ಸತ್ತ ಶತ್ರುವನ್ನು ಮತ್ತೆ ಕೊಲ್ಲಲು ಹೋಗಿ ಜೀವಂತ ಮಿತ್ರರನ್ನು ಕೊಂದಂತೆ. ಉಳಿದ ವಿಷವು ಮಳೆಯೊಡನೆ ನಮ್ಮ ಹಳ್ಳಗಳಿಗೇ ಇಳಿಯುತ್ತದೆ.

ಆದ್ದರಿಂದ ಸಿಂಪಡಣೆಗೆ ಮುನ್ನ ಹತ್ತು ಪಟ್ಟು ಹಿಗ್ಗಿಸಿ ತೋರುವ ಭೂತಗನ್ನಡಿ ಹಿಡಿದು ತೋಟ ಸುತ್ತಿರಿ. ಹಲವು ಗಿಡಗಳ ಎಲೆಗಳನ್ನು ಮಗುಚಿ ಬದುಕಿರುವ ಕೀಟವೆಷ್ಟು, ಬಿಳಿ ಉಂಗುರದವೆಷ್ಟು, ತೂತಾದವೆಷ್ಟು ಎಂದು ಎಣಿಸಿರಿ. ಇರುವೆಗಳ ಓಡಾಟವನ್ನು ಮೊದಲು ತಡೆಯಿರಿ. ಆ ಬಳಿಕವೂ ಔಷಧಿ ಅನಿವಾರ್ಯವಾದರೆ ಬಾಧೆಯಿರುವ ಗಿಡಗಳಿಗೆ ಮಾತ್ರ ಅದು ಸೀಮಿತವಾಗಿರಲಿ.