ಹಿತ್ತಲಿನ ಕೋಳಿ ಆವರಣ ಮತ್ತು ಮನೆಯ ಕೂಸು

(ಮಹಾಕೂಟದಲ್ಲಿ ನೆರೆದ ಗ್ರಾಮೀಣ ದಂಪತಿಗಳನ್ನುದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯಲ್ಲಿ ವೈದ್ಯನೊಬ್ಬನು ಕೋಳಿಗಳ ವಿಚಾರವಾಗಿ ಮಾತನಾಡಲು ನಿಂತಿರುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಭೇದಿಯಿಂದ ಬಳಲುವ ಕೂಸನ್ನು ಎತ್ತಿಕೊಂಡು ಬರುವ ತಾಯಿಯನ್ನು, ಕುಡಿಯುವ ನೀರಿನ ವಿಚಾರ ಕೇಳಿದ ಬಳಿಕ, ನಾನು ಕೇಳುವ ಪ್ರಶ್ನೆ ಇದು: "ತಾಯೀ, ಕೂಸು ಅಂಬೆಗಾಲಿಡುವ ನೆಲದ ಮೇಲೆ ಕೋಳಿಗಳೂ ಅಡ್ಡಾಡುತ್ತವೆಯೇ?"

ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಅದು ಕೂಸಿನ ಸ್ವಭಾವ, ಗದರಿಸಿ ತಿದ್ದುವಂಥದಲ್ಲ. ಕೋಳಿಯ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಅವು ಕೋಳಿಗೆ ಬಹುಮಟ್ಟಿಗೆ ಏನೂ ಮಾಡುವುದಿಲ್ಲ; ಕೋಳಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅದೇ ರೋಗಾಣು ಕೂಸಿನ ಹೊಟ್ಟೆ ಸೇರಿದರೆ ಜ್ವರ, ಭೇದಿ, ಕೆಲವೊಮ್ಮೆ ರಕ್ತಭೇದಿ ಉಂಟಾಗುತ್ತದೆ. ಮೇಲಿಂದ ಮೇಲೆ ಭೇದಿಯಾದ ಕೂಸಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಹಾಗೆಂದು ಕೋಳಿಗಳನ್ನು ಮಾರಿಬಿಡಿರೆಂದು ನಾನು ಹೇಳಲಾರೆ. ಒಂದು ತತ್ತಿಯಲ್ಲಿ ಸುಮಾರು ೬ ಗ್ರಾಂ ಉತ್ತಮ ಸಸಾರಜನಕವಿದೆ. ಗರ್ಭಿಣಿಯರಿಗೆಂದು ರಾಜ್ಯದಲ್ಲಿ ೨೦೧೭ರ ಅಕ್ಟೋಬರ್ ೨ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಊಟದಲ್ಲಿ ತತ್ತಿಗೆ ಸ್ಥಾನ ದೊರೆತದ್ದು ಇದೇ ಕಾರಣದಿಂದ. ತತ್ತಿ ತಿನ್ನದ ಮನೆತನಗಳವರೂ ಈ ಸಭೆಯಲ್ಲಿರುವಿರಿ. ತಾವು ಬೇಳೆ, ಮೊಳಕೆ ಕಾಳು, ಶೇಂಗಾ, ಹಾಲುಗಳನ್ನು ಬಿಡದೆ ಬಳಸಿರಿ. ನೆರೆಮನೆಯ ಕೋಳಿ ತಮ್ಮ ಅಂಗಳಕ್ಕೂ ಬರುವುದರಿಂದ ಮುಂದಿನ ಮಾತು ತಮಗೂ ಸಂಬಂಧಿಸಿದ್ದೇ.

ಕೋಳಿಗಳಿಗೆ ಆವರಣ ಕಟ್ಟಬೇಕು. ಆದರೆ ಹೇಗಾದರೂ ಕಟ್ಟಿದರೆ ಸಾಲದು. ಪೆರು ದೇಶದ ಲಿಮಾ ಪಟ್ಟಣದಂಚಿನ ಬಡ ವಸತಿಯೊಂದರಲ್ಲಿ ಸಂಶೋಧಕರು ಕೆಲವು ಮನೆಗಳಿಗೆ ಕೋಳಿ ಆವರಣ ಕಟ್ಟಿಕೊಟ್ಟು, ಕೆಲವು ಮನೆಗಳಲ್ಲಿ ಕೋಳಿಗಳನ್ನು ಹಾಗೆಯೇ ಬಿಟ್ಟು, ಮಕ್ಕಳ ಆರೋಗ್ಯವನ್ನು ಹೋಲಿಸಿ ನೋಡಿದರು. ೨೦೦೬ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು: ಆವರಣವಿದ್ದ ಮನೆಗಳ ಮಕ್ಕಳಲ್ಲಿಯೇ ಕ್ಯಾಂಪಿಲೋಬ್ಯಾಕ್ಟರ್ ಭೇದಿ ಹೆಚ್ಚಾಗಿತ್ತು! ನನಗೆ ತೋರುವ ಅರ್ಥವಿಷ್ಟು: ಬೇಲಿ ಹಾಕಿದೊಡನೆ ಹಿಕ್ಕೆಯೆಲ್ಲ ಒಂದೇ ಕಡೆ ಸೇರುತ್ತದೆ. ಆ ಜಾಗ ಅಡುಗೆಮನೆಯ ಬಾಗಿಲಿಗೆ ಹತ್ತಿರವಿದ್ದು, ಮಗು ಒಳಹೊಕ್ಕು ಮರಿಗಳೊಡನೆ ಆಡುವಂತಿದ್ದರೆ, ಬೇಲಿಯಿಲ್ಲದ ಮನೆಗಿಂತ ಆ ಮನೆಯೇ ಕೆಟ್ಟದ್ದು. ಆದ್ದರಿಂದ ಆವರಣವು ಕೋಳಿಯನ್ನು ಒಳಗಿಡುವಷ್ಟೇ ಬಿಗಿಯಾಗಿ ಕೂಸನ್ನು ಹೊರಗಿಡಬೇಕು.

ಸ್ಥಳವನ್ನು ಆರಿಸುವಾಗ ಅಡುಗೆಮನೆ, ನೀರಿನ ತೊಟ್ಟಿ ಮತ್ತು ಬಾವಿಗಳಿಂದ ಕನಿಷ್ಠ ೨೦ ಅಡಿ ದೂರವಿಡಿರಿ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಮನೆಯ ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ ಆವರಣವಿದ್ದರೆ ದುರ್ವಾಸನೆ ಒಳಗೆ ಬಾರದು. ಮಳೆನೀರು ಆವರಣದಿಂದ ಮನೆಯತ್ತ ಹರಿಯದಂತೆ ನೆಲದ ಇಳಿಜಾರನ್ನೂ ನೋಡಿಕೊಳ್ಳಿರಿ.

ಹತ್ತು ಕೋಳಿಗಳಿಗೆ ೧೦ ಅಡಿ ಉದ್ದ, ೧೦ ಅಡಿ ಅಗಲದ ಬಯಲು ಸಾಕು. ಜಾಲಿಯ ಗೂಟಗಳ ಬುಡವನ್ನು ಬೆಂಕಿಯಲ್ಲಿ ಸುಟ್ಟು ಕಪ್ಪಾಗಿಸಿ ನೆಟ್ಟರೆ ಗೆದ್ದಲು ಬೇಗನೆ ಹತ್ತುವುದಿಲ್ಲ. ಬೇಲಿ ೫ ಅಡಿ ಎತ್ತರವಿರಲಿ. ಚಾಲುಕ್ಯರು ಗುಡಿ ಕಟ್ಟಿದ ಈ ಸೀಮೆಯಲ್ಲಿ ಕಲ್ಲಿಗೇನು ಬರ? ಬೇಲಿಯ ಬುಡದುದ್ದಕ್ಕೂ ಚಪ್ಪಡಿ ಚೂರುಗಳನ್ನು ಒಂದು ಅಡಿ ನೆಲದೊಳಗಿರುವಂತೆ ನಿಲ್ಲಿಸಿದರೆ ಮುಂಗುಸಿ, ನರಿಗಳು ತೋಡಿ ಬರಲಾರವು. ಅದರ ಮೇಲಿನ ಎರಡು ಅಡಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಬೇಕು; ಇದೊಂದಕ್ಕೆ ಹಣ ಖರ್ಚು ಮಾಡಲು ಹಿಂಜರಿಯಬಾರದು. ಇನ್ನೂ ಮೇಲಕ್ಕೆ ತೊಗರಿ ಕಟ್ಟಿಗೆ ಅಥವಾ ಹತ್ತಿ ಕಟ್ಟಿಗೆಯ ತಡಿಕೆ ಸಾಕು. ಮಗುವಿನ ಕೈಗೆಟುಕುವಲ್ಲಿ ಮುಳ್ಳು ಬೇಡ. ಬಾಗಿಲಿನ ಚಿಲಕವು ನೆಲದಿಂದ ೪ ಅಡಿ ಮೇಲಿರಲಿ.

ಒಳಗೆ ರಾತ್ರಿಯ ಗೂಡು ೪ ಅಡಿ ಚೌಕವಿದ್ದು, ಕಲ್ಲುಗಳ ಮೇಲೆ ೨ ಅಡಿ ಎತ್ತರದಲ್ಲಿ ನಿಲ್ಲಲಿ. ಚೈತ್ರ, ವೈಶಾಖಗಳ ಬಿಸಿಲನ್ನು ತಾವು ಬಲ್ಲಿರಿ. ಬರಿಯ ತಗಡಿನ ಕೆಳಗೆ ಕೋಳಿ ಬೇಯುತ್ತದೆ. ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿ, ಮಂಗಗಳು ಕಿತ್ತೆಸೆಯದಂತೆ ಬಿಗಿಯಾಗಿ ಕಟ್ಟಿರಿ. ಗೂಡಿನೊಳಗೆ ಕೂರಲು ಎರಡು ಅಡ್ಡಗೋಲು, ತತ್ತಿಯಿಡಲು ಹುಲ್ಲು ಹಾಸಿದ ಎರಡು ಬುಟ್ಟಿ, ತಳಕ್ಕೆ ಮೂರು ಬೆರಳು ದಪ್ಪ ಶೇಂಗಾ ಹೊಟ್ಟು ಇರಲಿ. ಒಂದು ಮೂಲೆಯಲ್ಲಿ ಒಲೆಯ ಬೂದಿ ಸುರಿದಿಟ್ಟರೆ ಕೋಳಿಗಳು ಅದರಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಆವರಣದಲ್ಲಿಟ್ಟ ಕೋಳಿಗೆ ಮೇವು ಯಾರು ಹಾಕಬೇಕೆಂದು ತಾವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಬೆಳೆದ ಕೋಳಿಯೊಂದಕ್ಕೆ ದಿನಕ್ಕೆ ಸುಮಾರು ೧೦೦ ಗ್ರಾಂ ಮೇವು ಬೇಕು. ಹತ್ತು ಕೋಳಿಗೆ ಒಂದು ಕಿಲೋ ಎಂದರೆ ಬಡವನಿಗೆ ಭಾರವೇ. ಹೆಚ್ಚಿನ ಕೋಳಿಗಳು ಮಧ್ಯಾಹ್ನದೊಳಗೆ ತತ್ತಿಯಿಡುತ್ತವೆ. ಅಲ್ಲಿಯವರೆಗೆ ನುಚ್ಚು, ಸೊಪ್ಪು, ಮನೆಯ ಮಿಕ್ಕ ರೊಟ್ಟಿ ಕೊಟ್ಟು ಒಳಗಿಟ್ಟುಕೊಂಡರೆ ತತ್ತಿಗಳು ಕಂಟಿಯಲ್ಲಿ ಕಳೆದುಹೋಗುವುದೂ ತಪ್ಪುತ್ತದೆ. ಇಳಿಹೊತ್ತಿನಲ್ಲಿ ಹೊಲದ ಕಡೆಯ ಬಾಗಿಲು ತೆರೆದುಬಿಡಿರಿ. ಕತ್ತಲಾಗುತ್ತಲೇ ತಾವಾಗಿಯೇ ಮರಳುತ್ತವೆ. ಬೂಷ್ಟು ಹಿಡಿದ ಶೇಂಗಾವನ್ನು ಮಾತ್ರ ಕೋಳಿಗೂ ಹಾಕಬೇಡಿರಿ.

ಶುಚಿತ್ವದ ಕೆಲಸವೆಲ್ಲ ಹೆಣ್ಣುಮಕ್ಕಳದೇ ಎಂಬ ರೂಢಿ ನನಗೆ ಒಪ್ಪಿಗೆಯಿಲ್ಲ. ಹೆಂಡತಿ ಗರ್ಭಿಣಿಯೋ ಬಾಣಂತಿಯೋ ಆಗಿರುವಾಗ ಹಿಕ್ಕೆ ಬಳಿಯುವ ಕೆಲಸ ಗಂಡನದು. ಆವರಣದ ಬಾಗಿಲಲ್ಲಿ ಒಂದು ಜೊತೆ ಹಳೆಯ ಚಪ್ಪಲಿ ಬೇರೆಯಾಗಿಯೇ ಇರಲಿ. ಆ ಚಪ್ಪಲಿ ಮನೆಯೊಳಗೆ ಬಾರದಿರಲಿ. ಹೊರಬಂದೊಡನೆ ಸಾಬೂನಿನಿಂದ ಕೈ ತೊಳೆಯಬೇಕು. ಮಕ್ಕಳು ಮರಿಯನ್ನು ಪ್ರೀತಿಯಿಂದ ಕೆನ್ನೆಗೊತ್ತಿಕೊಳ್ಳುವುದನ್ನು ನಾನೂ ನೋಡಿ ಸಂತೋಷಪಟ್ಟಿದ್ದೇನೆ. ದೊಡ್ಡ ಮಕ್ಕಳಾದರೆ ಮುದ್ದಾಡಿ ಕೈ, ಮುಖ ತೊಳೆಯಲಿ. ಎರಡು ವರ್ಷದೊಳಗಿನ ಕೂಸಿಗೆ ಈ ಸಲಿಗೆ ಬೇಡ. ತೆಗೆದ ಹಿಕ್ಕೆಯನ್ನು ತಿಪ್ಪೆಯಲ್ಲಿ ಮಣ್ಣು ಮುಚ್ಚಿ ಕೊಳೆಸಿದರೆ ನುಗ್ಗೆಗೆ ಒಳ್ಳೆಯ ಗೊಬ್ಬರ. ತತ್ತಿಯನ್ನು ಒಳಗಿನ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿಯೇ ಕೊಡಿರಿ. ಹಸಿ ತತ್ತಿ ಕುಡಿಸಿದರೆ ಬಲ ಬರುವುದೆಂಬ ಮಾತು ಸುಳ್ಳು.

ಕೊಕ್ಕರೆ ರೋಗ, ಎಂದರೆ ರಾಣಿಖೇತ ರೋಗದ ಲಸಿಕೆಯ ವಿಚಾರವನ್ನು ಪಶುವೈದ್ಯರಲ್ಲಿ ಕೇಳಿರಿ. ಮರಿಗಳ ಮೊದಲ ವಾರದಲ್ಲಿಯೇ ಅದು ಆರಂಭವಾಗಬೇಕು. ಕೋಳಿಗಳು ಒಮ್ಮೆಲೇ ಹಲವು ಸತ್ತರೆ ಬರಿಗೈಯಿಂದ ಮುಟ್ಟದೆ, ಅಡುಗೆಗೂ ಬಳಸದೆ, ಅವರಿಗೇ ಮೊದಲು ತಿಳಿಸಿರಿ.

ಇಷ್ಟಾದರೂ ಕೂಸಿಗೆ ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿರಿ, ಎದೆಹಾಲು ನಿಲ್ಲಿಸಬೇಡಿರಿ. ಸತುವಿನ ಮಾತ್ರೆಯನ್ನು ಭೇದಿ ನಿಂತರೂ ೧೪ ದಿನ ಪೂರೈಸಬೇಕು. ಪೊಟ್ಟಣ, ಮಾತ್ರೆಗಳಿಗಾಗಿ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಮಲದಲ್ಲಿ ರಕ್ತ ಕಂಡರೆ, ಕೂಸಿನ ಕಣ್ಣು ಗುಳಿ ಬಿದ್ದರೆ, ಅಥವಾ ಅದು ಹಾಲು ಕುಡಿಯಲಾರದಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆತನ್ನಿರಿ.