ವೆಲ್ಲೆಸ್ಲಿ ಸೇತುವೆ ಮತ್ತು ಒಂದು ಬಣ್ಣದ ಡಬ್ಬಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಮಾಡಿ ಕೆಲಸ ಹಿಡಿಯುವುದು ಹೇಗೆ ಎಂದು ಹೇಳಲು ಕರೆದಿದ್ದೀರಿ. ಅದನ್ನು ಊಟದ ಹೊತ್ತಿನಲ್ಲಿ ಕೇಳಿದವರಿಗೆಲ್ಲ ಹೇಳುತ್ತೇನೆ. ಈಗ ಜಲವರ್ಣದ ಬಗ್ಗೆ ನಾಲ್ಕು ಮಾತು.

ಊರಿಗೆ ಬಂದಾಗಲೆಲ್ಲ ಒಂದು ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ, ಕಾವೇರಿ ದಡದಲ್ಲಿ ಕೂತು ವೆಲ್ಲೆಸ್ಲಿ ಸೇತುವೆಯ ಚಿತ್ರ ಬರೆಯುತ್ತೇನೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಸೇತುವೆ ಅದು. ಹೆಸರು ಆಗಿನ ಗವರ್ನರ್ ಜನರಲ್‌ನದು. ಕಲ್ಲು ಮಾತ್ರ ನಮ್ಮದು. ಬಂಡೆಯ ಮೇಲೆ ಕಂಬ, ಕಂಬದ ತಲೆಗೆ ಚಾಚುಗಲ್ಲು, ಅದರ ಮೇಲೆ ತೊಲೆಗಲ್ಲು. ಕಮಾನು ಇಲ್ಲ. ಆದರೆ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ನೋಡಿ, ಎದುರಿಗೆ ಸೇತುವೆ ನಿಂತಿದ್ದರೂ ಕಮಾನನ್ನೇ ಬರೆಯುತ್ತಾರೆ! ಪುಸ್ತಕದ ಸೇತುವೆಗೆ ಕಮಾನಿರುತ್ತದಲ್ಲ.

ಹಾಗಾಗಿ ನಾನು ಕಂಬಗಳನ್ನು ಮೊದಲು ಬರೆಯುವುದಿಲ್ಲ. ಕಂಬಗಳ ನಡುವಿನ ಸಂದುಗಳನ್ನು ಬರೆಯುತ್ತೇನೆ. ಹತ್ತಿರದ ಸಂದು ಅಗಲ, ದೂರ ಹೋದಂತೆ ಕಿರಿದು, ಆಮೇಲೆ ಬೆಳಕಿನ ಒಂದು ಗೀರು. ಸಂದು ಸರಿಯಾದರೆ ಕಂಬ ತಾನೇ ನಿಲ್ಲುತ್ತದೆ. ಕಲ್ಲಿನ ಬೂದುಬಣ್ಣಕ್ಕೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ಸಾಕು. ನೀರಿನೊಳಗಿನ ಕಂಬ ಮೇಲಿನ ಕಂಬಕ್ಕಿಂತ ಒಂದಿಷ್ಟು ತೆಳು. ಬಿಸಿಲು ಬಿದ್ದ ಜಾಗಕ್ಕೆ ಬಣ್ಣವೇ ಇಲ್ಲ, ಖಾಲಿ ಕಾಗದ. ಎಲ್ಲಿ ಖಾಲಿ ಬಿಡಬೇಕೆಂದು ಕುಂಚ ಅದ್ದುವ ಮೊದಲೇ ಗೊತ್ತಿರಬೇಕು. ಎರಡು ಗಂಟೆಯಲ್ಲಿ ನೆರಳು ಸರಿದುಬಿಡುತ್ತದೆ. ಬೇಸಿಗೆಯಲ್ಲಿ ಕಾಗದ ಬೇಗ ಒಣಗಿ ಕಾಡುತ್ತದೆ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ಹೊಳೆಯ ಬಣ್ಣವೇ ಕೆಮ್ಮಣ್ಣು, ಕಂಬದ ಬುಡ ಕಾಣುವುದೇ ಇಲ್ಲ.

ಮೊಬೈಲಿನಲ್ಲಿ ಫೋಟೋ ತೆಗೆದರೆ ಆಯಿತಲ್ಲ ಎನ್ನುತ್ತಾರೆ ನಮ್ಮ ಆಫೀಸಿನವರು. ತೆಗೆಯಲಿ. ಯಾವ ಸಂದಿನಲ್ಲಿ ಗಿಡ ಬೇರು ಬಿಟ್ಟು ಕಲ್ಲನ್ನು ಸರಿಸುತ್ತಿದೆ ಎಂದು ಆ ಫೋಟೋ ತೆಗೆದವರನ್ನು ಕೇಳಿ ನೋಡಿ.

ನಾನು ಇಲ್ಲಿ ಓದುವಾಗ ವಾರಕ್ಕೆ ಎರಡು ಚಿತ್ರಕಲೆ ಪೀರಿಯಡ್ ಇದ್ದವು. ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗ ತುಂಬಿಲ್ಲ. ಆ ಪೀರಿಯಡ್ಡಿನಲ್ಲಿ ಈಗ ಗಣಿತ ನಡೆಯುತ್ತದಂತೆ. ಗಣಿತ ಬೇಕು, ಅದರಿಂದಲೇ ನನ್ನ ಊಟ. ಆದರೆ ಎದುರಿಗಿರುವುದನ್ನು ಇರುವ ಹಾಗೆ ನೋಡುವುದನ್ನು ನಾನು ಕಲಿತದ್ದು ಆ ಎರಡು ಪೀರಿಯಡ್‌ಗಳಲ್ಲಿ. ಹಳೆಯ ವಿದ್ಯಾರ್ಥಿಗಳು ಕಂಪ್ಯೂಟರ್ ಕೊಠಡಿಗೆ ಹಣ ಕೂಡಿಸುತ್ತಿದ್ದೇವೆ, ಒಳ್ಳೆಯದು. ಅದರಲ್ಲಿ ಒಂದು ಪಾಲು ತೆಗೆದು, ಮೇಷ್ಟ್ರು ಬರುವ ತನಕ ವಾರಕ್ಕೊಮ್ಮೆ ಬಂದು ಕಲಿಸುವ ಒಬ್ಬ ಕಲಾವಿದರಿಗೆ ಗೌರವಧನ ಕೊಡೋಣ ಎಂದು ಸಮಿತಿಯ ಮುಂದೆ ಕೇಳುತ್ತಿದ್ದೇನೆ.

ಅಲ್ಲಿಯವರೆಗೆ, ತಿಂಗಳ ಕೊನೆಯ ಭಾನುವಾರ ಒಂಬತ್ತನೇ ತರಗತಿಯ ಹತ್ತು ಮಕ್ಕಳನ್ನು ಸೇತುವೆಗೆ ಕರೆದೊಯ್ಯಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಜೊತೆಗೆ ಇಬ್ಬರು ಪೋಷಕರು ಬರಬೇಕು. ದಡದಲ್ಲೇ ಕೂರುವುದು, ಹೊಳೆಗೆ ಇಳಿಯುವ ಹಾಗಿಲ್ಲ. ಕಾಗದ, ಬಣ್ಣ ನಾನು ತರುತ್ತೇನೆ. ಕುಂಚ ತೊಳೆಯಲು ಒಂದೊಂದು ಹಳೆಯ ಡಬ್ಬಿ ಮನೆಯಿಂದ ತನ್ನಿ.